ಬೊಚ್ಚುಬಾಯಿಯ ಭೋಜನ

ಎಂಬತ್ತು ದಾಟಿದ ಅಜ್ಜನ ಬಾಯಲ್ಲಿ ಒಂದು ಹಲ್ಲೂ ಉಳಿದಿರುವುದಿಲ್ಲ. ಆದರೂ ಬೆಳಗಿನ ಇಡ್ಲಿಗೆ ಅಡ್ಡಿಯಿಲ್ಲ. ಬಾಳೆಯ ಹಣ್ಣು ಸಲೀಸಾಗಿ ಒಳಗಿಳಿಯುತ್ತದೆ. ಬೆಂದ ಗೆಣಸು ಒಸಡುಗಳ ನಡುವೆ ನುಣ್ಣಗಾಗುತ್ತದೆ. ಅಡಿಕೆಯೊಂದಕ್ಕೆ ಮಾತ್ರ ಕುಟ್ಟಾಣಿಯ ನೆರವು ಬೇಕಾದೀತು. ಹಲ್ಲಿಲ್ಲದವರು ಇದನ್ನೆಲ್ಲ ಹೇಗೆ ತಿನ್ನುತ್ತಾರೆಂದು ಯಾರೂ ಕೇಳುವುದಿಲ್ಲ. ಆದರೆ ಅದೇ ಮನೆಯ ಏಳು ತಿಂಗಳ ಕೂಸಿನ ಮುಷ್ಟಿಯಲ್ಲಿ ತಾಯಿಯಾದವಳು ಇಡ್ಲಿಯ ಒಂದು ತುಂಡನ್ನಿಟ್ಟಳೆಂದರೆ ಸಾಕು, "ಅಯ್ಯೋ, ಅದಕ್ಕಿನ್ನೂ ಹಲ್ಲೇ ಬಂದಿಲ್ಲವಲ್ಲಮ್ಮಾ! ಗಂಟಲಲ್ಲಿ ಸಿಕ್ಕಿಕೊಂಡರೇನು ಗತಿ?" ಎಂದು ಅತ್ತೆಯವರ ದನಿ ಅಡುಗೆಯ ಮನೆಯಿಂದ ಕೇಳಿಬರುತ್ತದೆ. ಸೊಸೆ ಮರುನುಡಿಯದೆ ತುಂಡನ್ನು ಹಿಂತೆಗೆದುಕೊಳ್ಳುತ್ತಾಳೆ; ಇಲ್ಲವೇ ತಾನು ಮೊಬೈಲಿನಲ್ಲಿ ಓದಿದುದನ್ನು ಹೇಳಲು ಹೋಗಿ ಮಾತಿಗೆ ಮಾತು ಬೆಳೆಯುತ್ತದೆ.

ಈ ವ್ಯಾಜ್ಯದಲ್ಲಿ ಅತ್ತೆಯವರ ಭಯ ನಿರಾಧಾರವಾದುದಲ್ಲ. ಅದಕ್ಕೆ ಅವರು ಕೊಡುವ ಕಾರಣ ಮಾತ್ರ ಸರಿಯಲ್ಲ. ತಿನಿಸಿನ ಗಡಸು, ಅದರ ಆಕಾರ, ಪಕ್ಕದಲ್ಲಿರಬೇಕಾದವರ ಅಜಾಗರೂಕತೆ, ಇವು ಮೂರೂ ಕೂಸಿಗೆ ಅಪಾಯವನ್ನು ತರಬಲ್ಲವು. ಹಲ್ಲು ಬಂದಿಲ್ಲವೆಂಬುದು ಅಪಾಯಗಳ ಪಟ್ಟಿಯಲ್ಲಿ ಬಹಳ ಕೆಳಗೆ ಬರುವ ಸಂಗತಿ.

ಹಲ್ಲಿನ ಲೆಕ್ಕವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹಾಲುಹಲ್ಲುಗಳು ಒಟ್ಟು 20. ಅವುಗಳಲ್ಲಿ ಮೊದಲು ತಲೆದೋರುವವು ಸಾಮಾನ್ಯವಾಗಿ ಕೆಳದವಡೆಯ ಮುಂಭಾಗದ ಎರಡು ಬಾಚಿಹಲ್ಲುಗಳು. ಹೆಚ್ಚಿನ ಮಕ್ಕಳಲ್ಲಿ 6ರಿಂದ 10 ತಿಂಗಳೊಳಗೆ ಅವು ಅಕ್ಕಿಕಾಳಿನಂತೆ ಇಣುಕುತ್ತವೆ. ಕೆಲವರಲ್ಲಿ ವರ್ಷ ತುಂಬಿದರೂ ಸುಳಿವಿರುವುದಿಲ್ಲ. (ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡೆಂಬ ನಂಬಿಕೆಯೊಂದುಂಟು. ಮಾವಂದಿರು ನಿಶ್ಚಿಂತರಾಗಿರಬಹುದು, ಸೋದರಳಿಯನ ಹಲ್ಲಿಗೂ ಅವರ ಆಯುಸ್ಸಿಗೂ ಯಾವ ನಂಟೂ ಇಲ್ಲ.) ಬಾಚಿಹಲ್ಲಿನ ಕೆಲಸ ಕತ್ತರಿಸುವುದು. ಆಹಾರವನ್ನು ಅರೆಯುವ ಬೀಸುಕಲ್ಲು ಹಿಂದಿನ ದವಡೆಹಲ್ಲು. ಅದರ ಮೊದಲ ಜೊತೆ ಮೂಡುವುದು 13ರಿಂದ 19 ತಿಂಗಳ ನಡುವೆ. ಎರಡನೆಯದು ಬರುವಷ್ಟರಲ್ಲಿ ಮಗುವಿಗೆ ಎರಡು ವರ್ಷ ತುಂಬಿರುತ್ತದೆ, ಇಲ್ಲವೇ ತುಂಬುವುದರಲ್ಲಿರುತ್ತದೆ. ಎಂದರೆ, ಮುಂದಿನ ಎರಡು ಹಲ್ಲು ಬಂದ ಕೂಸಿಗೂ ಒಂದೂ ಬಾರದ ಕೂಸಿಗೂ ಅಗಿಯುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಲ್ಲಿಗಾಗಿ ಕಾಯಲೇಬೇಕೆನ್ನುವವರು ನ್ಯಾಯವಾಗಿ ದವಡೆಹಲ್ಲಿನವರೆಗೆ ಕಾಯಬೇಕಾಗುತ್ತದೆ. ಹಾಗೆ ಯಾರೂ ಕಾಯುವುದಿಲ್ಲ.

ಹಲ್ಲು ಮೂಡಿಲ್ಲವೆಂದರೆ ಹಲ್ಲು ಇಲ್ಲವೆಂದೂ ಅರ್ಥವಲ್ಲ. ಗರ್ಭದಲ್ಲಿ ನಾಲ್ಕನೆಯ ತಿಂಗಳ ಸುಮಾರಿಗೇ ಹಾಲುಹಲ್ಲುಗಳು ಗಟ್ಟಿಯಾಗತೊಡಗುತ್ತವೆ. ಹುಟ್ಟಿದ ಮಗುವಿನ ಒಸಡಿನೊಳಗೆ ಅವು ಸಾಲಾಗಿ ಕಾದು ಕುಳಿತಿರುತ್ತವೆ. ಆ ಒಸಡಿನ ಬಿಗಿ ಎಂಥದೆಂಬುದನ್ನು ಹಾಲೂಡುವಾಗ ಕಚ್ಚಿಸಿಕೊಂಡ ತಾಯಂದಿರಿಗೆ ಯಾರೂ ವಿವರಿಸಬೇಕಾಗಿಲ್ಲ. ಬೆಂದ ಸಿಹಿಗುಂಬಳವನ್ನೋ ಹಣ್ಣಾದ ಪರಂಗಿಯನ್ನೋ ಹಿಸುಕಲು ಅಷ್ಟು ಬಿಗಿ ಧಾರಾಳವಾಗಿ ಸಾಕು.

ವಾಸ್ತವವಾಗಿ ಅಗಿಯುವುದು ಹಲ್ಲಿನ ಕೆಲಸಕ್ಕಿಂತ ಹೆಚ್ಚಾಗಿ ನಾಲಿಗೆ ದವಡೆಗಳ ವಿದ್ಯೆ. ಹಾಲನ್ನು ಚೀಪುವ ಕೂಸಿನ ನಾಲಿಗೆ ಹಿಂದಕ್ಕೂ ಮುಂದಕ್ಕೂ ಮಾತ್ರ ಆಡಬಲ್ಲುದು. ಆ ಅವಧಿಯಲ್ಲಿ ಗಟ್ಟಿಯಾದುದೇನಾದರೂ ಬಾಯೊಳಗೆ ಬಂದರೆ ನಾಲಿಗೆ ಅದನ್ನು ಹೊರಕ್ಕೆ ನೂಕುತ್ತದೆ. ಇದು ಪ್ರಕೃತಿಯಿಟ್ಟ ಬಾಗಿಲ ಅಗುಳಿ. 4ರಿಂದ 6 ತಿಂಗಳ ನಡುವೆ ಈ ನೂಕುವಿಕೆ ತಾನಾಗಿಯೇ ಸಡಿಲವಾಗುತ್ತದೆ. ಆಮೇಲೆ ದವಡೆ ಮೇಲಕ್ಕೂ ಕೆಳಕ್ಕೂ ಆಡಲು ಕಲಿಯುತ್ತದೆ. ನಾಲಿಗೆ ತುತ್ತನ್ನು ಪಕ್ಕಕ್ಕೆ ಸರಿಸಿ ಒಸಡಿನ ಮೇಲಿಡುವುದನ್ನು ಕಲಿಯುತ್ತದೆ. ದೊಡ್ಡವರಂತೆ ದವಡೆಯನ್ನು ಸುತ್ತಾಡಿಸಿ ಅರೆಯುವುದು ಇನ್ನೂ ತಡವಾಗಿ ಬರುವ ಕಲೆ. ಈ ಕಲಿಕೆಗೆಲ್ಲ ಬಾಯಲ್ಲಿ ಕಲಿಯತಕ್ಕ ಪದಾರ್ಥವೊಂದಿರಬೇಕು. ಬರಿಯ ಗಂಜಿಯನ್ನು ನುಂಗುತ್ತಿರುವ ನಾಲಿಗೆಗೆ ಪಕ್ಕಕ್ಕೆ ಹೊರಳುವ ಪ್ರಮೇಯವೇ ಇಲ್ಲ.

ಆರು ತಿಂಗಳೆಂಬ ಗಡುವು ಹೊಸದೇನೂ ಅಲ್ಲ. ಅನ್ನಪ್ರಾಶನವನ್ನು ಆರನೆಯ ತಿಂಗಳಲ್ಲಿ ಮಾಡಬೇಕೆಂದು ಆಶ್ವಲಾಯನ ಗೃಹ್ಯಸೂತ್ರ ಹೇಳುತ್ತದೆ. ಮನುವಿನ ಮಾತೂ ಅದೇ. ಆಶ್ವಲಾಯನರ ಪಟ್ಟಿಯನ್ನು ಪೂರ್ತಿ ಓದಿದವರು ಸ್ವಲ್ಪ ಬೆಚ್ಚಿಬಿದ್ದರೆ ಆಶ್ಚರ್ಯವಿಲ್ಲ: ತುಪ್ಪದನ್ನದೊಡನೆ ಆಡಿನ ಮಾಂಸ, ತಿತ್ತಿರಿ ಪಕ್ಷಿಯ ಮಾಂಸ ಇವೂ ಅಲ್ಲಿ ಬೇರೆಬೇರೆ ಫಲಗಳಿಗಾಗಿ ವಿಹಿತವಾಗಿವೆ. ಕೂಸಿಗೆ ಹಲ್ಲು ಬಂದಿರಬೇಕೆಂಬ ಷರತ್ತು ಆ ಸೂತ್ರದಲ್ಲಿಲ್ಲ. ಹಲ್ಲಿನ ಮಾತು ಬರುವುದು ವೈದ್ಯಗ್ರಂಥಗಳಲ್ಲಿ. ಹಲ್ಲು ಹುಟ್ಟಿದ ಮಗುವನ್ನು ಕ್ರಮಕ್ರಮವಾಗಿ ಮೊಲೆಹಾಲಿನಿಂದ ಬಿಡಿಸಬೇಕೆಂದು ವಾಗ್ಭಟನು ಹೇಳುತ್ತಾನೆ. ಆದರೆ ಹಾಲು ಬಿಡಿಸುವುದು ಬೇರೆ, ಹಾಲಿನೊಡನೆ ಅನ್ನವನ್ನು ಆರಂಭಿಸುವುದು ಬೇರೆ. ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದಲೇ ಈ ಗೊಂದಲ ಹುಟ್ಟಿರಲೂಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ಅನಂತರ ಹಾಲಿನೊಡನೆ ಇತರ ಆಹಾರ ಎಂದು ಸಾರಿದಾಗ, ಹಳೆಯ ಗಡುವಿಗೆ ಹೊಸ ಮುದ್ರೆ ಬಿದ್ದಂತಾಯಿತು.

ಕಾರಣವೂ ಸರಳವಾದುದೇ. ಹುಟ್ಟುವಾಗ ಮಗು ತಾಯಿಯಿಂದ ತಂದುಕೊಂಡ ಕಬ್ಬಿಣದ ಗಂಟು ಆರು ತಿಂಗಳ ಹೊತ್ತಿಗೆ ಕರಗುತ್ತ ಬಂದಿರುತ್ತದೆ. ಹಾಲಿನಲ್ಲಿ ಕಬ್ಬಿಣ ಅತ್ಯಲ್ಪ. ಭಾರತದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆಯಿತ್ತು. ಬೇಳೆ, ರಾಗಿ, ಸೊಪ್ಪು, ತಿನ್ನುವ ಮನೆಗಳಲ್ಲಿ ಮೊಟ್ಟೆ ಮಾಂಸ, ಇವು ಮಗುವಿನ ಬಾಯಿಗೆ ಯಾವಾಗ ಬರುತ್ತವೆಂಬುದು ಆದುದರಿಂದ ಸಣ್ಣ ಸಂಗತಿಯಲ್ಲ.

ಅನ್ನಪ್ರಾಶನವನ್ನು ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲೋ ಮನೆಯ ದೇವರ ಮುಂದೆಯೋ ಸಂಭ್ರಮದಿಂದ ನೆರವೇರಿಸಿದ ಮೇಲೆ ಆಗುವುದೇನು? ಮರುದಿನದಿಂದಲೇ ಮಿಕ್ಸಿಯ ಸದ್ದು ಆರಂಭ. ಅನ್ನ, ಬೇಳೆ, ತರಕಾರಿ ಎಲ್ಲವೂ ಒಂದಾಗಿ, ಒಂದೇ ಬಣ್ಣಕ್ಕೆ ತಿರುಗಿ, ಗಂಧದಂತೆ ನುಣುಪಾಗಿ ಬಟ್ಟಲಿಗೆ ಬೀಳುತ್ತದೆ. ಮೊದಲ ಕೆಲವು ವಾರಗಳ ಮಟ್ಟಿಗೆ ಇದು ತಪ್ಪಲ್ಲ. ರಾಗಿಯ ಸರಿಯಂಥ ಮೆತ್ತನೆಯ ಆಹಾರದಿಂದ ತೊಡಗುವುದು ಕ್ರಮವೇ. ತೊಂದರೆಯಿರುವುದು ಅಲ್ಲಿಯೇ ನಿಂತುಬಿಡುವುದರಲ್ಲಿ. ಮಗುವಿಗೆ ಒಂದೂವರೆ ವರ್ಷವಾದರೂ ಅನ್ನದ ಅಗುಳೊಂದು ನಾಲಿಗೆಗೆ ತಾಗಿದರೆ ಉಗುಳುತ್ತದೆ, ಓಕರಿಸುತ್ತದೆ, ಅರೆದು ಕೊಟ್ಟರೆ ಮಾತ್ರ ತಿನ್ನುತ್ತದೆ ಎಂದು ಗೋಳಾಡುವ ತಂದೆತಾಯಿಗಳು ನಗರಗಳ ಮಕ್ಕಳ ವೈದ್ಯರಿಗೆ ಹೊಸಬರಲ್ಲ.

ಬ್ರಿಟನ್ನಿನ ಬ್ರಿಸ್ಟಲ್ ನಗರದ ಸುತ್ತಿನಲ್ಲಿ 1990ರ ದಶಕದ ಆದಿಯಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸುತ್ತ ಬಂದರು. 2001ರಲ್ಲಿ ಪ್ರಕಟವಾದ ಅವರ ವರದಿಯಂತೆ, ಗಂಟುಗಂಟಾದ ಆಹಾರದ ಪರಿಚಯ 10 ತಿಂಗಳು ತುಂಬಿದ ಮೇಲೆ ಆದ ಮಕ್ಕಳು 15 ತಿಂಗಳ ವಯಸ್ಸಿನಲ್ಲಿ ಊಟಕ್ಕೆ ಹೆಚ್ಚು ಕಾಡಿಸುತ್ತಿದ್ದರು. ಅದೇ ಮಕ್ಕಳನ್ನು ಏಳನೆಯ ವರ್ಷದಲ್ಲಿ ನೋಡಿದಾಗಲೂ, 9 ತಿಂಗಳ ಅನಂತರ ಆರಂಭಿಸಿದವರು ತಿನ್ನುತ್ತಿದ್ದ ಹಣ್ಣು ತರಕಾರಿಗಳು ಇತರರಿಗಿಂತ ಕಡಮೆ. ಮೊದಲೇ ತಿನ್ನಲು ತಕರಾರು ಮಾಡುತ್ತಿದ್ದ ಮಕ್ಕಳಿಗೇ ತಾಯಂದಿರು ತಡವಾಗಿ ಕೊಟ್ಟಿರಬಹುದಲ್ಲವೇ ಎಂದು ಇಲ್ಲಿ ಕೇಳಬಹುದು, ಕೇಳತಕ್ಕ ಪ್ರಶ್ನೆಯೇ. ಆದರೂ ಕಲಿಯುವ ಹೊತ್ತಿನಲ್ಲಿ ಕಲಿಯದ ವಿದ್ಯೆ ಮುಂದೆ ಕಷ್ಟವಾಗುವುದೆಂಬ ಊಹೆಗೆ ಈ ವರದಿ ಬಲವನ್ನೇ ಕೊಡುತ್ತದೆ. ಹೆಚ್ಚಿನ ಮಕ್ಕಳು 8 ತಿಂಗಳ ಹೊತ್ತಿಗೆ ಕೈಯಲ್ಲಿ ಹಿಡಿದು ತಿನ್ನುವ ತಿನಿಸಿಗೆ ಸಿದ್ಧರಾಗಿರುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯವೂ ಹೌದು.

ಹಾಗಾದರೆ ಯಾವ ಕೂಸು ಸಿದ್ಧವಾಗಿದೆಯೆಂದು ತಿಳಿಯುವುದು ಹೇಗೆ? ಆಸರೆ ಕೊಟ್ಟರೆ ನೆಟ್ಟಗೆ ಕುಳಿತೀತೇ, ಕತ್ತು ನಿಂತಿದೆಯೇ, ಕಂಡ ವಸ್ತುವನ್ನು ಹಿಡಿದು ತಾನೇ ಬಾಯಿಗೊಯ್ಯುತ್ತದೆಯೇ, ಕೊಟ್ಟುದನ್ನು ನಾಲಿಗೆ ಹೊರಕ್ಕೆ ನೂಕುವುದು ನಿಂತಿದೆಯೇ ಎಂದು ನೋಡಬೇಕು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ, ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಮಕ್ಕಳ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ.

ಇನ್ನು ತಿನಿಸು. ಈ ವಿಷಯದಲ್ಲಿ ಕನ್ನಡಿಗರ ಅಡುಗೆಯ ಮನೆ ಹೊರಗಿನಿಂದ ಏನನ್ನೂ ತರಿಸಬೇಕಾಗಿಲ್ಲ. ಪೇಟೆಯಲ್ಲಿ ಚಿತ್ರದ ಡಬ್ಬಿಗಳಲ್ಲಿ ಸಿಗುವ ಸಿಹಿ ಬಿಸ್ಕತ್ತುಗಳಿಗಿಂತ ಉಗಿಯಲ್ಲಿ ಬೆಂದ ಇಡ್ಲಿ ಎಲ್ಲ ರೀತಿಯಿಂದಲೂ ಮೇಲು. ಅದು ಮೆತ್ತಗಿರುತ್ತದೆ, ಹುದುಗು ಬಂದಿರುವುದರಿಂದ ಹಗುರ, ಅಕ್ಕಿಯೊಡನೆ ಉದ್ದು ಸೇರಿದೆ, ಒಸಡಿನ ನಡುವೆ ಬಿದ್ದೊಡನೆ ಪುಡಿಯಾಗುತ್ತದೆ. ಒಣಗಿದ್ದರೆ ಮಾತ್ರ ಸ್ವಲ್ಪ ಬೇಳೆಯ ಕಟ್ಟಿನಲ್ಲಿ ನೆನೆಸಬೇಕು. ಇಡ್ಲಿಯನ್ನು ಉದ್ದುದ್ದನೆ ಸೀಳಿ ಕೊಡುವುದು ಜಾಣತನ. ಆರೇಳು ತಿಂಗಳ ಮಗು ಹಿಡಿಯುವುದು ಇಡಿಯ ಅಂಗೈಯಿಂದ. ಮುಷ್ಟಿಯೊಳಗೆ ಅಡಗಿಹೋದ ತುಣುಕು ಅದರ ಪಾಲಿಗೆ ಕಳೆದುಹೋದಂತೆಯೇ. ದೊಡ್ಡವರ ಕೈಬೆರಳಿನಷ್ಟು ಉದ್ದವಿದ್ದರೆ ಅರ್ಧ ಮುಷ್ಟಿಯಲ್ಲಿದ್ದು ಅರ್ಧ ಹೊರಗೆ ಚಾಚುತ್ತದೆ. ಆ ಹೊರಗಿನರ್ಧವನ್ನು ಮಗು ಚೀಪುತ್ತದೆ, ಹಿಸುಕುತ್ತದೆ, ಮುಖಕ್ಕೆಲ್ಲ ಬಳಿದುಕೊಳ್ಳುತ್ತದೆ. ಒಂಬತ್ತನೆಯ ತಿಂಗಳ ಸುಮಾರಿಗೆ ಹೆಬ್ಬೆರಳೂ ತೋರುಬೆರಳೂ ಕೂಡಿ ಚಿಟಿಕೆ ಹಿಡಿಯಲು ಬರುತ್ತದೆ. ಆಗ ಬೆಂದ ಅನ್ನದ ಅಗುಳು, ಅಮುಕಿ ಚಪ್ಪಟೆ ಮಾಡಿದ ಬಟಾಣಿ ಇಂಥವನ್ನು ತಟ್ಟೆಯಲ್ಲಿ ಹರಡಿದರೆ ಒಂದೊಂದನ್ನೇ ಹೆಕ್ಕುವ ಅದರ ಏಕಾಗ್ರತೆಯನ್ನು ನೋಡುವುದೇ ಒಂದು ಸೊಗಸು.

ಚೆನ್ನಾಗಿ ಬೆಂದ ಕ್ಯಾರೆಟ್ಟು, ಸೀಮೆಬದನೆ, ಸಿಹಿಗುಂಬಳ, ಗೆಣಸು, ಆಲೂಗೆಡ್ಡೆ, ಹಣ್ಣುಗಳಲ್ಲಿ ಪರಂಗಿ, ಬೀಜ ತೆಗೆದ ಸಪೋಟ, ಮಾಗಿದ ಮಾವು, ಇವೆಲ್ಲ ಆಗಬಹುದು. ಬಾಳೆಯ ಹಣ್ಣು ಕೈಯಿಂದ ಜಾರುತ್ತದೆ. ಅರ್ಧ ಸಿಪ್ಪೆಯನ್ನು ಹಿಡಿಯಂತೆ ಉಳಿಸಿ ತಾಯಿಯೂ ಜೊತೆಗೆ ಹಿಡಿದುಕೊಂಡರೆ ಸರಿಹೋಗುತ್ತದೆ. ಮೆತ್ತನೆಯ ದೋಸೆ, ಬೇಳೆಯಲ್ಲಿ ನೆನೆದ ಚಪಾತಿ ಇವೂ ಒಳ್ಳೆಯವೇ. ತಿನಿಸು ತಕ್ಕಷ್ಟು ಮೃದುವೇ ಎಂದು ಪರೀಕ್ಷಿಸಲು ಯಾವ ಉಪಕರಣವೂ ಬೇಡ: ಹೆಬ್ಬೆರಳು ತೋರುಬೆರಳುಗಳ ನಡುವೆ ಇಟ್ಟು ಮೆಲ್ಲನೆ ಅಮುಕಿದರೆ ನಜ್ಜುಗುಜ್ಜಾಗಬೇಕು. ನಜ್ಜಾಗದುದನ್ನು ಒಸಡೂ ನಜ್ಜು ಮಾಡಲಾರದು. ರಾಗಿಯ ಮುದ್ದೆ ಮೃದುವಾದರೂ ಅಂಟು. ಅದನ್ನು ಅಗಿಯದೆ ನುಂಗುವುದು ದೊಡ್ಡವರ ಅಭ್ಯಾಸ. ಕೂಸಿನ ಕೈಗೆ ಅದರ ಉಂಡೆಯನ್ನು ಕೊಡಬಾರದು, ಸಾರಿನ ತಿಳಿಯಲ್ಲಿ ಕದಡಿಯೇ ತಿನ್ನಿಸಬೇಕು. ಒಣ ಬ್ರೆಡ್ಡು ಕೂಡ ಜೊಲ್ಲಿನಲ್ಲಿ ನೆನೆದು ಹಿಟ್ಟಾಗಿ ಅಂಗಳಕ್ಕೆ ಮೆತ್ತಿಕೊಳ್ಳುವ ಪದಾರ್ಥ.

ಅತ್ತೆಯವರ ಭಯಕ್ಕೆ ನಿಜವಾದ ಗುರಿ ಬೇರೆಯೇ ಇದೆ. ಕಡಲೆಕಾಯಿಯ ಬೀಜ, ಹುರಿಗಡಲೆ, ಕೊಬ್ಬರಿಯ ಚೂರು, ಹಸಿಯ ಕ್ಯಾರೆಟ್ಟು, ಸೇಬಿನ ಗಟ್ಟಿ ಹೋಳು, ಇಡಿಯ ದ್ರಾಕ್ಷಿ, ಸೀತಾಫಲದ ಬೀಜ, ಹುಣಸೆಯ ಬೀಜ. ಭಾರತದಲ್ಲಿ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ಪದಾರ್ಥಗಳಲ್ಲಿ ಕಡಲೆಕಾಯಿಯ ಬೀಜಕ್ಕೇ ಅಗ್ರಸ್ಥಾನ. ಇವನ್ನು ತಾಯಿ ಕೊಡುವುದು ಅಪರೂಪ. ಮೂರು ವರ್ಷದ ಅಣ್ಣ ಪ್ರೀತಿಯಿಂದ ತಮ್ಮನ ಬಾಯಿಗೆ ತುರುಕುತ್ತಾನೆ, ಇಲ್ಲವೇ ನೆಲದ ಮೇಲೆ ಬಿದ್ದುದನ್ನು ಅಂಬೆಗಾಲಿನ ಕೂಸು ತಾನೇ ಹೆಕ್ಕಿಕೊಳ್ಳುತ್ತದೆ. ಹಬ್ಬದ ಮರುದಿನ ಚಕ್ಕುಲಿ ನಿಪ್ಪಟ್ಟುಗಳ ತಟ್ಟೆ ಎಲ್ಲಿದೆಯೆಂಬುದು ಇಡ್ಲಿಯ ತುಂಡಿಗಿಂತ ಹೆಚ್ಚು ಯೋಚಿಸತಕ್ಕ ವಿಷಯ. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅದು ಅಳುತ್ತಿರುವಾಗಲೇ ಒಳಲೆಯಿಂದ ಗಂಜಿ ಹುಯ್ಯುವ ಹಳೆಯ ಪದ್ಧತಿಯಾದರೂ ಕಡಮೆ ಅಪಾಯದ್ದೇನಲ್ಲ. ನೆಟ್ಟಗೆ ಕುಳಿತು ತನ್ನ ಕೈಯಿಂದ ತಿನ್ನುವ ಮಗು ತನ್ನ ಗಂಟಲಿನ ಹದವನ್ನು ತಾನು ನೋಡಿಕೊಳ್ಳುತ್ತದೆ. ಮಲಗಿಸಿ ಹುಯ್ಯಿಸಿಕೊಳ್ಳುವ ಮಗುವಿಗೆ ಆ ಸ್ವಾತಂತ್ರ್ಯವಿಲ್ಲ.

ಗಟ್ಟಿ ತಿನಿಸನ್ನು ಆರಂಭಿಸಿದ ದಿನಗಳಲ್ಲಿ ಮಗು ಓಕರಿಸುವುದು ಸಹಜ. ಕೂಸಿನ ಓಕರಿಕೆಯ ಕೇಂದ್ರ ದೊಡ್ಡವರಲ್ಲಿರುವುದಕ್ಕಿಂತ ನಾಲಿಗೆಯ ಮುಂದಕ್ಕಿರುತ್ತದೆ. ತುಂಡು ಸ್ವಲ್ಪ ಹಿಂದೆ ಸರಿದೊಡನೆ ಮುಖ ಕೆಂಪಾಗಿ, ಸದ್ದು ಮಾಡಿ, ಕಣ್ಣಲ್ಲಿ ನೀರು ತಂದುಕೊಂಡು ಅದನ್ನು ಮುಂದಕ್ಕೆ ತಳ್ಳುತ್ತದೆ. ಮರುಕ್ಷಣದಲ್ಲಿ ಏನೂ ಆಗದಂತೆ ಮತ್ತೆ ಅದೇ ತುಂಡಿಗೆ ಕೈ ಚಾಚುತ್ತದೆ. ಇದು ರಕ್ಷಣೆ, ಆಪತ್ತಲ್ಲ. ಉಸಿರು ಕಟ್ಟುವುದು ಬೇರೆ. ಅದು ಮೌನವಾಗಿ ಬರುತ್ತದೆ. ಅಳು ಕೇಳಿಸದು, ಕೆಮ್ಮು ಹೊರಡದು, ತುಟಿ ನೀಲಿಗಟ್ಟುತ್ತದೆ. ತಿನ್ನುವ ಮಗುವಿನ ಪಕ್ಕದಲ್ಲಿ ಒಬ್ಬರು ಕುಳಿತೇ ಇರಬೇಕೆನ್ನುವುದು ಈ ಮೌನಕ್ಕಾಗಿ. ಪಕ್ಕದ ಕೋಣೆಯಿಂದ ಕಿವಿಗೊಟ್ಟರೆ ಸಾಲದು.

ಅಂಥ ಸಮಯದಲ್ಲಿ ನೆತ್ತಿ ತಟ್ಟುವುದರಿಂದ ಪ್ರಯೋಜನವಿಲ್ಲ. ನೀರು ಕುಡಿಸುವುದೂ, ಕಾಣದ ತುಂಡಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕುವುದೂ ಕೇಡನ್ನೇ ಮಾಡಬಹುದು. ಮಗು ಗಟ್ಟಿಯಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲಾರದೆ ಹೋದರೆ, ಒಂದು ವರ್ಷದೊಳಗಿನ ಕೂಸನ್ನು ಮುಂಗೈಯ ಮೇಲೆ ಬೋರಲು ಮಲಗಿಸಿ, ತಲೆಯನ್ನು ಕೈಯಿಂದ ಆಧರಿಸಿ ಎದೆಗಿಂತ ತಗ್ಗಿಸಿ, ಬೆನ್ನಿನಲ್ಲಿ ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ತಟ್ಟಬೇಕು. ತುಂಡು ಹೊರಬೀಳದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯ ಮೇಲೆ ಐದು ಬಾರಿ ಒತ್ತಬೇಕು. ಉಸಿರಾಡುವವರೆಗೆ ಹೀಗೆ ಒಂದಾದ ಮೇಲೊಂದು. ದೊಡ್ಡವರಿಗೆ ಮಾಡುವಂತೆ ಕೂಸಿನ ಹೊಟ್ಟೆಯನ್ನು ಅಮುಕಬಾರದು. ಇಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಿರಬೇಕು. ಈ ಕ್ರಮವನ್ನು ಮನೆಯವರೆಲ್ಲರೂ, ಅಜ್ಜಿಯೂ ಸೇರಿ, ಒಮ್ಮೆ ತಿಳಿದವರಿಂದ ಕಲಿತಿಟ್ಟುಕೊಂಡರೆ ಅರ್ಧ ಜಗಳ ತಾನಾಗಿ ತೀರುತ್ತದೆ.

ಅರೆದ ಆಹಾರವನ್ನು ಪೂರ್ತಿ ಬಿಟ್ಟು ಮೊದಲ ದಿನದಿಂದಲೇ ಮಗು ತನ್ನ ಕೈಯಿಂದಲೇ ತಿನ್ನಲೆಂಬ ಪಂಥವೊಂದು ಬ್ರಿಟನ್ನಿನಲ್ಲಿ ಹುಟ್ಟಿತು. ಗಿಲ್ ರೇಪ್ಲಿ ಎಂಬಾಕೆ ಇನ್ನೊಬ್ಬಾಕೆಯೊಡನೆ ಈ ಬಗ್ಗೆ ಬರೆದ ಪುಸ್ತಕ 2008ರಲ್ಲಿ ಹೊರಬಂದು ಬಹಳ ಹೆಸರಾಯಿತು. ಇದರಿಂದ ಮಕ್ಕಳಿಗೆ ಉಸಿರು ಕಟ್ಟೀತೇ ಎಂಬುದನ್ನು ನ್ಯೂಜಿಲೆಂಡಿನ ವಿದ್ವಾಂಸರು 206 ಶಿಶುಗಳನ್ನು ಎರಡು ಪಂಗಡ ಮಾಡಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಕೈಯಿಂದ ತಿಂದವರು ಆರನೆಯ ತಿಂಗಳಲ್ಲಿ ಹೆಚ್ಚು ಓಕರಿಸಿದರು, ಎಂಟನೆಯ ತಿಂಗಳಲ್ಲಿ ಕಡಮೆ. ಉಸಿರು ಕಟ್ಟಿದ ಪ್ರಸಂಗಗಳಲ್ಲಿ ಎರಡು ಪಂಗಡಗಳ ನಡುವೆ ಹೇಳತಕ್ಕ ಅಂತರ ಕಾಣಲಿಲ್ಲ. ಆದರೆ ಆ ಪಂಗಡದ ತಾಯಿತಂದೆಗಳಿಗೆ ಯಾವುದನ್ನು ಕೊಡಬಾರದೆಂಬುದನ್ನು ಮೊದಲೇ ಚೆನ್ನಾಗಿ ಕಲಿಸಲಾಗಿತ್ತೆಂಬುದನ್ನು ಮರೆಯಬಾರದು. ಚಮಚವನ್ನು ಬಿಸಾಡುವಷ್ಟು ಕಟ್ಟುನಿಟ್ಟು ಅಗತ್ಯವೆಂದು ತೋರುವುದಿಲ್ಲ. ಆರಂಭದಲ್ಲಿ ಕೈಗೆ ಕೊಟ್ಟುದರಲ್ಲಿ ಹೊಟ್ಟೆಗೆ ಹೋಗುವುದಕ್ಕಿಂತ ಚಾಪೆಗೆ ಹೋಗುವುದೇ ಹೆಚ್ಚು. ಆರರಿಂದ ಎಂಟು ತಿಂಗಳ ಮಗುವಿಗೆ ಹಾಲಿನ ಜೊತೆಗೆ ದಿನಕ್ಕೆ ಎರಡು ಮೂರು ಊಟ, ಸುಮಾರು 200 ಕ್ಯಾಲೊರಿ ಬೇಕಾಗುವುದರಿಂದ ರಾಗಿಯ ಸರಿಯೂ ಬೇಳೆಯನ್ನವೂ ಚಮಚದಲ್ಲಿ ನಡೆಯಲಿ. ಅದರ ನಡುವೆ ತಟ್ಟೆಯಲ್ಲೊಂದು ಗೆಣಸಿನ ಹೋಳು ಬಿದ್ದಿರಲಿ. ಮಿಕ್ಸಿಯಿಂದ ಕಡೆಗೋಲಿಗೆ, ಕಡೆಗೋಲಿನಿಂದ ಕೈಯ ಹಿಸುಕಿಗೆ ವಾರವಾರಕ್ಕೂ ಅನ್ನ ಒರಟಾಗುತ್ತ ಬರಲಿ. ಚಂದಮಾಮನ ಸ್ಥಾನವನ್ನು ಈಗ ಆಕ್ರಮಿಸಿರುವ ಮೊಬೈಲು ಮಾತ್ರ ಆ ಹೊತ್ತಿನಲ್ಲಿ ದೂರವಿರಲಿ. ಬಾಯಲ್ಲೇನಿದೆಯೆಂದು ಮರೆತ ಮಗು ಅಗಿಯುವುದನ್ನೂ ಮರೆಯುತ್ತದೆ.

ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಬೆಲ್ಲಗಳ ಅಗತ್ಯವಿಲ್ಲ. ಜೇನು ಸರ್ವಥಾ ಸಲ್ಲದು. ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನು ಕಾರಬಲ್ಲವು. ಆಶ್ವಲಾಯನರು ಮೊದಲ ತುತ್ತಿಗೆ ಮೊಸರು ತುಪ್ಪಗಳೊಡನೆ ಜೇನನ್ನೂ ಹೇಳಿದ್ದಾರೆ. ಪುರೋಹಿತರನ್ನು ಕೇಳಿಕೊಂಡು ಅದೊಂದನ್ನು ಕೈಬಿಡಬಹುದು. ಕಡಲೆಕಾಯಿಯ ಕಥೆ ಇನ್ನೂ ಸ್ವಾರಸ್ಯಕರ. ಇಸ್ರೇಲಿನಲ್ಲಿ ಹಲ್ಲಿಲ್ಲದ ಕೂಸುಗಳ ಕೈಗೂ ಕೊಡುವ, ಬಾಯಲ್ಲಿಟ್ಟರೆ ಕರಗುವ ಬಂಬಾ ಎಂಬ ಕಡಲೆಕಾಯಿಯ ತಿನಿಸೊಂದಿದೆ. ಅಲ್ಲಿಯ ಯೆಹೂದಿ ಮಕ್ಕಳಲ್ಲಿ ಕಡಲೆಕಾಯಿಯ ಅಲರ್ಜಿ ಬ್ರಿಟನ್ನಿನ ಯೆಹೂದಿ ಮಕ್ಕಳಲ್ಲಿರುವುದಕ್ಕಿಂತ ಬಹಳ ಕಡಮೆಯೆಂಬುದು 2008ರಲ್ಲಿ ಬೆಳಕಿಗೆ ಬಂದು, ಲಂಡನ್ನಿನಲ್ಲಿ ಅಲರ್ಜಿಯ ಸಂಭವ ಹೆಚ್ಚಿದ್ದ 640 ಶಿಶುಗಳ ಮೇಲೆ ನಡೆಸಿದ ಪರೀಕ್ಷೆ 2015ರಲ್ಲಿ ಅದನ್ನು ಸಮರ್ಥಿಸಿತು: ಎಳವೆಯಲ್ಲೇ ತಿಂದವರಿಗೆ ಅಲರ್ಜಿ ಬಹಳ ಕಡಮೆ. ಆದುದರಿಂದ ಕಡಲೆಕಾಯಿಯನ್ನು ಹುರಿದು ನುಣ್ಣಗೆ ಅರೆದು ಸರಿಯಲ್ಲಿ ಚೂರು ಬೆರೆಸುವುದಕ್ಕೆ ಹಿಂಜರಿಯಬೇಕಾಗಿಲ್ಲ. ಮೈಯಲ್ಲಿ ತೀವ್ರವಾದ ಇಸುಬು ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಬೇಕು. ಇಡಿಯ ಬೀಜ ಮಾತ್ರ, ಇಪ್ಪತ್ತು ಹಲ್ಲೂ ಬಂದ ಮೇಲೆಯೂ, ನಾಲ್ಕೈದು ವರ್ಷ ತುಂಬುವವರೆಗೆ ಮೇಲಿನ ಅಟ್ಟದ ಡಬ್ಬಿಯಲ್ಲೇ ಇರಲಿ.